ಜಿಫಿ ಅಧ್ಯಾಯವನ್ನು ಮತ್ತೆ ಬರೆ

ಪ್ರೀತಿಯ ತಂಗಿ,

ನಿನ್ನ ಹಸ್ತಪ್ರತಿ ಮೂರು ರಾತ್ರಿ ನನ್ನ ದಿಂಬಿನ ಪಕ್ಕದಲ್ಲೇ ಇತ್ತು. ಚಕ್ಕನೆ, ಸರ್ರನೆ, ಥಟ್ಟನೆ ಅನ್ನೋದಕ್ಕೆ ಇಂಗ್ಲಿಷಿನವರು ಏನೇನು ಹೇಳುತ್ತಾರೆ, ಆ ಮಾತುಗಳು ಎಲ್ಲಿ ಹುಟ್ಟಿದವು ಅಂತ ಕನ್ನಡದಲ್ಲಿ ಒಂದು ಪುಸ್ತಕ! ಓದುತ್ತಾ ತುಂಬಾ ಖುಷಿಯಾಯಿತು. ಯಾರು ಅಚ್ಚು ಹಾಕುತ್ತಾರೆ, ಅಧ್ಯಾಯ ಎಷ್ಟುದ್ದ ಇರಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಬಿಡು, ಬೇರೆ ಯಾರಾದರೂ ಹೇಳುತ್ತಾರೆ. ನನಗೆ ಸಿಟ್ಟು ಬಂದಿದ್ದು ‘ಜಿಫಿ’ ಅಧ್ಯಾಯದ ಮೇಲೆ.

‘ಇನ್ ಎ ಜಿಫಿ’ ಅಂದರೆ ಒಂದೇ ಕ್ಷಣದಲ್ಲಿ. ಕಳ್ಳರು ತಮ್ಮ ಗುಟ್ಟಿನ ಭಾಷೆಯಲ್ಲಿ ಮಿಂಚಿಗೆ ಜಿಫಿ ಅನ್ನುತ್ತಿದ್ದರು, ಅಲ್ಲಿಂದ ಬಂತು ಅಂತ ಬರೆದಿದ್ದೀಯ. ಕತ್ತಲ ಓಣಿ, ಮಳೆ, ಓಡುವ ಕಳ್ಳ. ಚಂದ ಇದೆ. ಆದರೆ ಅದು ಬರೀ ಊಹೆ. ಈ ಪದ ಬರಹದಲ್ಲಿ ಸಿಗೋದು 18ನೇ ಶತಮಾನದ ಕೊನೆಯ ಹೊತ್ತಿಗೆ. ಎಲ್ಲಿಂದ ಬಂತು ಅಂತ ಕೇಳಿದರೆ ಒಳ್ಳೆಯ ನಿಘಂಟುಗಳು ‘ಮೂಲ ತಿಳಿಯದು’ ಅಂತಷ್ಟೇ ಬರೆಯುತ್ತವೆ. ಬದುಕಿಡೀ ಪದಗಳ ಹಿಂದೆ ಬಿದ್ದವರೇ ಹಾಗೆ ಬರೆದು ಸುಮ್ಮನಾದರು. ನಿನಗೇನು ಅವಸರ?

ಇಷ್ಟು ಗದರೋದಕ್ಕೆ ಕಾರಣ ಇದೆ. ಮೂವತ್ತು ವರ್ಷದ ಹಿಂದೆ ಒಂದು ವಾರಪತ್ರಿಕೆಗೆ ಅಂಕಣ ಬರೆಯುತ್ತಿದ್ದೆ. ಯಾರೋ ಹೇಳಿದ ಕತೆಯನ್ನೇ ಒಂದು ಪದದ ಮೂಲ ಅಂತ ಬರೆದುಬಿಟ್ಟೆ. ಹೊಗಳಿ ಹೊಗಳಿ ಕಾಗದ ಬಂದವು. ತಪ್ಪು ಗೊತ್ತಾದ ಮೇಲೆ ತಿದ್ದುಪಡಿ ಕಳಿಸಿದೆ. ‘ಜನ ಮೆಚ್ಚಿದ್ದಾರೆ, ಬಿಡಿ’ ಅಂದರು, ಹಾಕಲೇ ಇಲ್ಲ. ಮುಂದೊಂದು ದಿನ ಒಬ್ಬ ಮೇಷ್ಟ್ರು ಅದನ್ನೇ ಮಕ್ಕಳಿಗೆ ಹೇಳಿಕೊಡುತ್ತಿದ್ದರು. ನಾನು ಕಿಟಕಿಯಾಚೆ ನಿಂತಿದ್ದೆ. ಒಳಗೆ ಹೋಗಿ ತಪ್ಪು ಅನ್ನೋ ಧೈರ್ಯ ಬರಲಿಲ್ಲ. ಪತ್ರಿಕೆಯ ಮೇಲಿನ ಸಿಟ್ಟು ಇಳಿದಿದೆ. ಆ ಕಿಟಕಿ ಮಾತ್ರ ಇನ್ನೂ ಕಾಡುತ್ತದೆ.

ನಿಜವಾದ ಕತೆಗಳಿಗೇನು ಬರವೇ? ‘ಫಾಸ್ಟ್’ಗೆ ನೀನು ನಾಲ್ಕೇ ಸಾಲು ಕೊಟ್ಟಿದ್ದೀಯ. ನನಗೆ ಸಂಕಟವಾಯಿತು. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಗಟ್ಟಿಯಾದದ್ದು, ಅಲುಗಾಡದ್ದು. ಅಮ್ಮನ ಜೊತೆ ಸೀರೆ ಅಂಗಡಿಗೆ ಹೋಗಿದ್ದೀಯ ಅಲ್ವಾ? ಸೆರಗನ್ನು ಬೆರಳಲ್ಲಿ ಉಜ್ಜಿ ತೋರಿಸಿ ‘ಫಾಸ್ಟ್ ಕಲರ್ ಅಮ್ಮಾ, ಬಣ್ಣ ಬಿಡಲ್ಲ’ ಅಂತಾರಲ್ಲ, ಆ ಹಳೇ ಅರ್ಥ ಇನ್ನೂ ಅಲ್ಲೇ ಕೂತಿದೆ. ಗಾಢ ನಿದ್ದೆಗೆ ‘ಫಾಸ್ಟ್ ಅಸ್ಲೀಪ್’ ಅನ್ನೋದೂ ಅದರಿಂದಲೇ. ಉಪವಾಸದ ಫಾಸ್ಟ್ ಕೂಡ ಅದೇ ಬೇರಿನದು, ಬಿಗಿಹಿಡಿದು ಕೂರೋದು. ಬಲವಾಗಿ ಓಡು, ಗಟ್ಟಿಯಾಗಿ ಓಡು ಅನ್ನುತ್ತಾ ಅನ್ನುತ್ತಾ ಅದು ಬೇಗ ಓಡು ಅಂತಾಯಿತು.

‘ಕ್ವಿಕ್’ ಅಂದರೆ ಮೊದಲು ಜೀವ ಇರುವುದು. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ‘ದ ಕ್ವಿಕ್ ಅಂಡ್ ದ ಡೆಡ್’ ಅಂದರೆ ಬದುಕಿರುವವರು, ಸತ್ತವರು. ಉಗುರು ಜಾಸ್ತಿ ಕತ್ತರಿಸಿದರೆ ಉರಿಯುತ್ತದಲ್ಲ, ಆ ಹಸಿ ಜಾಗಕ್ಕೂ ಅವರು ಕ್ವಿಕ್ ಅನ್ನುತ್ತಾರೆ. ಸಂಸ್ಕೃತದಿಂದ ನಮ್ಮ ಬಾಯಿಗೆ ಬಂದ ‘ಜೀವ’ವೂ ಅದೇ ಬೇರಿನದು. ಇದಕ್ಕಿಂತ ಚಂದದ ಕತೆಯನ್ನು ಯಾವ ಕಳ್ಳ ಕೊಡುತ್ತಾನೆ, ಹೇಳು?

‘ಸೂನ್’ ಪುಟ ಮಾತ್ರ ಬಹಳ ಇಷ್ಟವಾಯಿತು. ಒಂದು ಕಾಲಕ್ಕೆ ಅದರ ಅರ್ಥ ಈಗಲೇ, ತಕ್ಷಣ. ‘ಪ್ರೆಸೆಂಟ್ಲಿ’ಯೂ ಹಾಗೇ. ಜನ ಈಗಲೇ ಅಂದು ತಡ ಮಾಡಿ ಮಾಡಿ ಎರಡೂ ‘ಇನ್ನು ಸ್ವಲ್ಪ ಹೊತ್ತಲ್ಲಿ’ ಅಂತಾದವು. ಅದರ ಪಕ್ಕದಲ್ಲೇ ನಿಮ್ಮಪ್ಪ ಬಚ್ಚಲಿನಿಂದ ‘ಬಂದೆ, ಬಂದೆ’ ಅಂತ ಕೂಗೋದನ್ನು ಇಟ್ಟಿದ್ದೀಯ. ಬಾಗಿಲು ಕೂಡ ತೆಗೆದಿಲ್ಲ, ಆಗಲೇ ‘ಬಂದೆ’! ಆ ಪುಟದ ಒಂದಕ್ಷರವನ್ನೂ ಮುಟ್ಟಬೇಡ.

ಜಿಫಿಯನ್ನು ಪೂರ್ತಿ ತೆಗೆಯೋದೂ ಬೇಡ. ‘ಮೂಲ ತಿಳಿಯದು’ ಅಂತ ಮೊದಲ ಸಾಲಲ್ಲೇ ಬರೆ. ಕಳ್ಳರ ಮಿಂಚು ಆಮೇಲೆ ಬರಲಿ, ಹೀಗೊಂದು ಊಹೆ ಅಂತ. ಬೆಳಕು ಒಂದು ಸೆಂಟಿಮೀಟರ್ ದಾಟೋ ಹೊತ್ತಿಗೆ ಜಿಫಿ ಅಂತ ಹೆಸರಿಡೋಣ ಅಂದ ಅಮೆರಿಕದ ರಸಾಯನ ವಿಜ್ಞಾನಿ ಗಿಲ್ಬರ್ಟ್ ಲೂಯಿಸ್ ಬಗ್ಗೆಯೂ ಎರಡು ಮಾತು ಸೇರಿಸು.

ಹಸ್ತಪ್ರತಿಯನ್ನು ಸೋಮವಾರ ಪೋಸ್ಟ್ ಮಾಡುತ್ತೇನೆ. ಪೆನ್ಸಿಲಿನಲ್ಲಿ ಗೀಟು ಹಾಕಿದ ಕಡೆಯೆಲ್ಲ ಎಲ್ಲಿ ಓದಿದೆ ಅಂತ ಪಕ್ಕದಲ್ಲಿ ಬರೆದು ವಾಪಸ್ ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಅಣ್ಣ