ಅಮ್ಮನ ಮೊಣಕಾಲಿನ ಹಸಿರು

ಮ್ಯೂನಿಕ್, ಭಾನುವಾರ

ಪ್ರೀತಿಯ ಅಮ್ಮ,

ಅಂಗಳದ ಪಾಚಿಯಲ್ಲಿ ಜಾರಿಬಿದ್ದೆಯಂತೆ. ತಮ್ಮ ಫೋಟೊ ಕಳಿಸಿದ್ದ. ಮೊಣಕಾಲು ಹಸಿರು ತಿರುಗಿದೆ ಅಂತ ಗಾಬರಿಯಾಗಬೇಡ. ಮೊದಲು ನೀಲಿಗಟ್ಟಿತ್ತಲ್ಲ, ಅದು ಚರ್ಮದಡಿ ಸೋರಿದ ರಕ್ತ. ಮೈ ಅದನ್ನು ಕರಗಿಸುವಾಗ ಬಿಲಿವರ್ಡಿನ್ ಅನ್ನುವ ಹಸಿರು ಬಣ್ಣ ಹುಟ್ಟುತ್ತದೆ, ಆಮೇಲೆ ಹಳದಿಯಾಗಿ ಮಾಯುತ್ತದೆ. ನೋವು ಜಾಸ್ತಿಯಾದರೆ ಮಾತ್ರ ತಡಮಾಡದೆ ಡಾಕ್ಟರಿಗೆ ತೋರಿಸು.

ಅಲ್ಲಿ ಏನು ಕೆಲಸ ಮಾಡ್ತೀಯೇ ಅಂತ ಪ್ರತಿ ಸಲ ಕೇಳ್ತೀಯಲ್ಲ, ನನ್ನ ಕೆಲಸವೆಲ್ಲ ಈ ಹಸಿರಿನ ಜೊತೆಗೇ. ಇಲಿಯ ಮೈಯಾಳದ ಕ್ಯಾನ್ಸರನ್ನು ಕೊಯ್ಯದೆ ನೋಡುವುದು.

ಮೈಯೊಳಗೆ ಬೆಳಕು ಚೆದುರಿಹೋಗುತ್ತದೆ, ಆಳದ್ದು ಕಾಣುವುದಿಲ್ಲ. ಶಬ್ದ ಅಷ್ಟು ಚೆದುರುವುದಿಲ್ಲ. ಹಾಗಾಗಿ ಲೇಸರನ್ನು ಕಣ್ಣೆವೆ ಇಕ್ಕುವುದಕ್ಕಿಂತ ಎಷ್ಟೋ ಬೇಗ ಮಿನುಗಿಸುತ್ತೇವೆ. ಬೆಳಕು ಹೀರಿದ ಜಾಗ ಒಂದು ಡಿಗ್ರಿಯ ಸಾವಿರದ ಪಾಲಿನಷ್ಟು ಬಿಸಿಯಾದರೂ ಸಾಕು, ಹಿಗ್ಗಿ ಸದ್ದು ಮಾಡುತ್ತದೆ. ಮಿಂಚಿಗೆ ಗಾಳಿ ಕಾದು ಗುಡುಗುವುದೂ ಹೀಗೇ. ಈ ಸದ್ದು ನಮ್ಮ ಕಿವಿಗೆ ಕೇಳದು, ಸ್ಕ್ಯಾನಿಂಗ್ ಯಂತ್ರಕ್ಕೆ ಕೇಳುತ್ತದೆ.

ಆದರೆ ರಕ್ತದ ಸದ್ದೇ ಜೋರು. ಕ್ಯಾನ್ಸರ್ ಕಣಗಳದ್ದು ಅದರಲ್ಲಿ ಮುಳುಗಿಹೋಗುತ್ತದೆ. ಕೆಸರಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾದಲ್ಲಿ ಬಿಪಿಎಚ್‌ಪಿ1 ಅನ್ನುವ ಪ್ರೋಟೀನ್ ಇದೆ. ಅದರ ಜೀನನ್ನು ಇಲಿಯ ಕ್ಯಾನ್ಸರ್ ಕಣಕ್ಕೆ ಸೇರಿಸಿದರೆ ಕಣವೇ ಪ್ರೋಟೀನ್ ಮಾಡಿಕೊಳ್ಳುತ್ತದೆ, ಅದರ ಮರಿಕಣಗಳೂ ಮಾಡಿಕೊಳ್ಳುತ್ತವೆ. ಬೆಳಕು ಹೀರಲು ಈ ಪ್ರೋಟೀನಿಗೆ ಬೇಕಾದದ್ದು ನಿನ್ನ ಮೊಣಕಾಲಿನ ಅದೇ ಬಿಲಿವರ್ಡಿನ್, ಅದು ಇಲಿಯ ಮೈಯಲ್ಲೇ ಇರುತ್ತದೆ. 780 ನ್ಯಾನೊಮೀಟರ್ ತರಂಗಾಂತರದ ಬೆಳಕಿಗೆ ಈ ಪ್ರೋಟೀನಿನ ಸದ್ದು ತಗ್ಗುತ್ತದೆ, 630ರ ಕೆಂಪು ಬೆಳಕು ತೋರಿಸಿದರೆ ಮತ್ತೆ ಏಳುತ್ತದೆ. ರಕ್ತ ಮಾತ್ರ ಎರಡು ಸಲವೂ ಒಂದೇ ಸಮ. ಒಂದು ಚಿತ್ರದಿಂದ ಇನ್ನೊಂದನ್ನು ಕಳೆದರೆ ರಕ್ತ ಸೊನ್ನೆ! 2016ರಲ್ಲಿ ಅಮೆರಿಕದ ಲಿಹಾಂಗ್ ವಾಂಗ್ ಮತ್ತು ವ್ಲಾದಿಸ್ಲಾವ್ ವೆರ್ಖುಶಾ ಅವರ ತಂಡಗಳು ಇದನ್ನು ಮಾಡಿ ತೋರಿಸಿದವು. ಎಷ್ಟು ಚೆಂದದ ಲೆಕ್ಕ ನೋಡು, ಒಂದನೇ ಕ್ಲಾಸಿನ ಕಳೆಯುವ ಲೆಕ್ಕ.

ಹೋದ ವಾರ ನಾನೇ ಕಳೆದು ನೋಡಿದೆ. ಬಳ್ಳಿಯಂತೆ ಹಬ್ಬಿದ್ದ ರಕ್ತನಾಳಗಳೆಲ್ಲ ಅಳಿಸಿಹೋಗಿ, ಕಪ್ಪು ಪರದೆಯ ಮೇಲೆ ಅಕ್ಕಿಕಾಳಿನಷ್ಟು ಒಂದು ಚುಕ್ಕೆ ಉಳಿಯಿತು. ಕೈ ನಡುಗಿತು ಅಮ್ಮ.

ಇಲಿ ಕೊಲ್ತೀಯಾ ಅಂತ ನೀನು ಬೇಜಾರು ಮಾಡಿಕೊಂಡಿದ್ದೆ. ಗೆಡ್ಡೆ ಎಷ್ಟು ಬೆಳೆಯಿತು ಅಂತ ನೋಡಲು ಪ್ರತಿ ವಾರ ಬೇರೆ ಬೇರೆ ಇಲಿಗಳನ್ನು ಕೊಯ್ಯುವ ಬದಲು, ಈಗ ಒಂದೇ ಇಲಿಯನ್ನು ಜೀವಂತವಾಗಿ ಮತ್ತೆ ಮತ್ತೆ ನೋಡಬಹುದು. ನನಗೆ ಇದೇ ದೊಡ್ಡದು. ಮನುಷ್ಯರ ಮೈಗೆ ಹೀಗೆ ಜೀನ್ ಸೇರಿಸಿ ನೋಡುವುದು ಸುಲಭವಲ್ಲ, ಆ ದಾರಿ ದೂರವಿದೆ.

ಮಳೆ ನಿಲ್ಲುವ ತನಕ ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿಸು. ಹಳದಿ ತಿರುಗಿದ ಮೇಲೆ ಇನ್ನೊಂದು ಫೋಟೊ ಕಳಿಸು.

ನಿನ್ನ ಮಗಳು