ಮನುವಿಗೆ ಕೋವಿ ತೋರಿಸಬೇಡಿ ಅಪ್ಪಯ್ಯ

ಪುಣೆ
ಡಿಸೆಂಬರ್ 22

ತೀರ್ಥರೂಪ ಅಪ್ಪಯ್ಯನವರಿಗೆ ನಮಸ್ಕಾರಗಳು. ನಾವು ಮೂವರೂ ಕ್ಷೇಮ.

ಈ ಪತ್ರದ ಮೊದಲ ಅರ್ಧ ಪುಟವನ್ನು ಅಮೆರಿಕದಲ್ಲಿ, ಮ್ಯಾಡಿಸನ್‌ನಲ್ಲೇ ಬರೆದಿದ್ದೆ, ನವೆಂಬರ್ ಕೊನೆಯಲ್ಲಿ. ಮುಂದೆ ಹೋಗಲಿಲ್ಲ. ಸೂಟ್‌ಕೇಸಿನಲ್ಲಿ ಬಟ್ಟೆಯ ಮಧ್ಯೆ ಇಟ್ಟುಕೊಂಡು ಬಂದೆ. ಈಗ ಪುಣೆಯಲ್ಲಿ ಅಕ್ಕನ ಊಟದ ಮೇಜಿನ ಮೇಲೆ ಉಳಿದದ್ದನ್ನು ಬರೆಯುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀವು ಪ್ರತಿ ಮಾತಿಗೂ "ಹಾಂ? ಯಾರು?" ಅಂತೀರಿ. ಈ ವಿಷಯವನ್ನು ಮೂರು ಸಲ ಕೂಗಿ ಹೇಳಿದರೆ ಇಡೀ ಬಿಲ್ಡಿಂಗಿಗೆ ಕೇಳುತ್ತೆ. ನಾನು ಹೇಳುವ ಮೊದಲು ಅಕ್ಕ ಹೇಳಿಬಿಡ್ತಾಳೆ ಅನ್ನೋ ಭಯವೂ ಇದೆ. ನಾಳೆ ಬೆಳಿಗ್ಗೆ ಸ್ಪೀಡ್ ಪೋಸ್ಟ್ ಮಾಡುತ್ತೇನೆ. ನಾವು ತೀರ್ಥಹಳ್ಳಿಗೆ ಬರುವುದು 29ಕ್ಕೆ. ಅಷ್ಟರೊಳಗೆ ನಿಮ್ಮ ಕೈಗೆ ಸಿಕ್ಕರೆ ಸಾಕು.

ವಿಷಯ ಇಷ್ಟು. ಮನುವನ್ನು ಶಿಕಾರಿಗೆ ಕರೆದುಕೊಂಡು ಹೋಗಿದ್ದೆ.

ಅಕ್ಕನಿಗೆ ಹೇಗೆ ಗೊತ್ತಾಯಿತು ಅಂದರೆ, ಮೊನ್ನೆ ಮಕ್ಕಳಿಬ್ಬರನ್ನೂ ಕಾತ್ರಜ್ ಝೂಗೆ ಕರೆದುಕೊಂಡು ಹೋಗಿದ್ದೆವು. ಪುಣೆಯ ಜನಕ್ಕೆಲ್ಲ ಚಳಿ, ಅಕ್ಕನ ಮೈಮೇಲೆ ಸ್ವೆಟರ್, ಕಿವಿಗೆ ಸ್ಕಾರ್ಫ್. ಮನು ಮಾತ್ರ ತೋಳಿಲ್ಲದ ಬನಿಯನ್ನಿನಲ್ಲಿ ಓಡಾಡ್ತಿದ್ದ. ಹಾವು ನೋಡಿದೆವು, ಆನೆ ನೋಡಿದೆವು. ಚುಕ್ಕೆ ಜಿಂಕೆಯ ಆವರಣದ ಹತ್ತಿರ ಬಂದಾಗ ಅವನು ಬೇಲಿಗೆ ಮೂಗು ಒತ್ತಿ ನಿಂತ. ಬಹಳ ಹೊತ್ತು ನಿಂತ. ಆಮೇಲೆ ಜೋರಾಗಿ, ಅಚ್ಚ ಕನ್ನಡದಲ್ಲಿ, "ಅಪ್ಪಾ, ಭುಜದ ಹಿಂದೆ ಹೊಡೀಬೇಕು ಅಲ್ವಾ?" ಅಂದ. ಪಕ್ಕದಲ್ಲಿ ನಿಂತಿದ್ದ ಸಂಸಾರ ಪೂರ್ತಿ ನಮ್ಮ ಕಡೆ ತಿರುಗಿತು. ಸೊಲ್ಲಾಪುರದ ಕಡೆಯ ಕನ್ನಡದವರು. ಪುಣೆಯಲ್ಲಿ ಯಾರಿಗೂ ಕನ್ನಡ ಬರಲ್ಲ ಅಂತ ಧೈರ್ಯವಾಗಿರಬಾರದು ಅಪ್ಪಯ್ಯ. ಅಕ್ಕನ ಮಗಳು ಅಲ್ಲಿಂದ ಮನೆಯವರೆಗೂ ಅವನ ಜೊತೆ ಮಾತಾಡಲಿಲ್ಲ.

ರಾತ್ರಿ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ವಿಚಾರಿಸಿಕೊಂಡಳು. "ಒಂಬತ್ತು ವರ್ಷದ ಮಗುವಿಗೆ ಪ್ರಾಣಿ ಕೊಲ್ಲೋದು ತೋರಿಸ್ತೀಯಾ? ಅಪ್ಪಯ್ಯನ ಹುಚ್ಚು ನಿನಗೂ ಅಂಟಿತಾ?" ಒಲೆಯ ಮೇಲೆ ಕೋಳಿ ಸಾರು ಕುದೀತಿತ್ತು. ನಾನು ಪಾತ್ರೆ ನೋಡಿದೆ, ಏನೂ ಹೇಳಲಿಲ್ಲ. ಕಡುಬಿನ ಜೊತೆ ಚೆನ್ನಾಗಿತ್ತು.

ಅಲ್ಲಿ ನಡೆದದ್ದನ್ನು ನಿಮಗೆ ಸರಿಯಾಗಿ ಹೇಳಬೇಕು. ಯಾಕಂದರೆ ನಮ್ಮ ಕಡೆಯ ಶಿಕಾರಿಯ ಲೆಕ್ಕದಲ್ಲಿ ಇದನ್ನು ಊಹಿಸಿಕೊಳ್ಳೋಕೆ ಆಗಲ್ಲ.

ನಾವಿರುವ ವಿಸ್ಕಾನ್ಸಿನ್ ರಾಜ್ಯದಲ್ಲಿ ಕೋವಿಯಲ್ಲಿ ಜಿಂಕೆ ಹೊಡೆಯೋಕೆ ವರ್ಷಕ್ಕೆ ಒಂಬತ್ತು ದಿನದ ಒಂದು ದೊಡ್ಡ ಸೀಸನ್ ಇದೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರದಿಂದ. ಆ ಒಂಬತ್ತು ದಿನ ಪೆಟ್ರೋಲ್ ಬಂಕಿನಲ್ಲಿ, ಅಂಗಡಿಯಲ್ಲಿ, ಚರ್ಚಿನ ಮುಂದೆ ಎಲ್ಲಿ ನೋಡಿದರೂ ಕೇಸರಿ ಜಾಕೆಟ್. ನಮ್ಮಲ್ಲಿ ಶಿಕಾರಿಗೆ ಹೋಗುವವರು ಕಾಡಿನಲ್ಲಿ ಕಾಣಿಸದ ಬಟ್ಟೆ ಹಾಕಿದರೆ, ಅಲ್ಲಿ ಕಣ್ಣು ಕುಕ್ಕುವ ಬಣ್ಣ ಹಾಕಲೇಬೇಕು ಅಂತ ಕಾನೂನು. ಸೊಂಟದಿಂದ ಮೇಲಿನ ಬಟ್ಟೆಯಲ್ಲಿ ಅರ್ಧಕ್ಕಾದರೂ ಆ ಬಣ್ಣ ಇರಬೇಕು. 2016ರಿಂದ ಗುಲಾಬಿಯೂ ಆಗುತ್ತೆ. ಜಿಂಕೆಗೆ ಆ ಬಣ್ಣ ನಮಗೆ ಕಂಡ ಹಾಗೆ ಕಾಣಲ್ಲ, ಇನ್ನೊಬ್ಬ ಶಿಕಾರಿಯವನಿಗೆ ಕಾಣುತ್ತೆ. ಅಷ್ಟಕ್ಕೇ ಅದು.

ಮಕ್ಕಳ ವಿಷಯದಲ್ಲಿ ಮೊದಲು ಹತ್ತು ವರ್ಷ ಆಗಿರಬೇಕಿತ್ತು. 2017ರಲ್ಲಿ ಆ ವಯಸ್ಸಿನ ಮಿತಿಯನ್ನೇ ತೆಗೆದುಹಾಕಿದರು. ದೊಡ್ಡವರೊಬ್ಬರು ಕೈಗೆಟುಕುವಷ್ಟು ಹತ್ತಿರ ಇದ್ದರೆ ಸಾಕು, ಮಗುವಿಗೆ ಎಷ್ಟು ವಯಸ್ಸಾದರೂ ಸರಿ. ಆ ವರ್ಷ ಒಂದು ವರ್ಷವೂ ತುಂಬದ ಕೂಸುಗಳ ಹೆಸರಿನಲ್ಲೂ ಲೈಸೆನ್ಸ್ ತೆಗೆಸಿದವರಿದ್ದರು! ತೊಟ್ಟಿಲ ಶಾಸ್ತ್ರದ ಹಾಗೆ. ಅದು ನನಗೆ ಹಿಡಿಸಲಿಲ್ಲ, ಈಗಲೂ ಹಿಡಿಸಲ್ಲ. ಕೋವಿ ಎತ್ತೋಕೂ ಆಗದ ಮಗುವಿಗೆ ಅದರ ಕಾಗದ ಯಾಕೆ?

ನಮ್ಮ ಪಕ್ಕದ ಮನೆಯವರು ಕರೆದಾಗ ಮನು ಸುಮ್ನೆ ನೋಡೋಕೆ ಬರಲಿ ಅಂದರು. ಲೈಸೆನ್ಸ್ ಇದ್ದದ್ದು ಅವರಿಗೆ, ಮತ್ತೆ ಅವರ ಏಳು ವರ್ಷದ ಮಗಳಿಗೆ. ಇವನ ತಾಯಿ ಮೂರು ದಿನ ಯೋಚಿಸಿ, ಕೇಸರಿ ಟೊಪ್ಪಿ ಮತ್ತು ಕಿವಿಗೆ ಹಾಕುವ ಮಫ್ ತಾನೇ ಕೊಂಡು ತಂದು, ಆಮೇಲೆ ಕಳಿಸಿದಳು. ಈಡಿನ ಸದ್ದಿಗೆ ಮಕ್ಕಳ ಕಿವಿ ಹಾಳಾಗುತ್ತೆ ಅಪ್ಪಯ್ಯ. ನಿಮ್ಮ ಎಡಗಿವಿ ಹೇಗಾಯಿತು ಅಂತ ಡಾಕ್ಟರು ಕೇಳಿದಾಗ ನೀವು ವಯಸ್ಸು ಅಂದಿರಿ. ವಯಸ್ಸಲ್ಲ ಅದು.

ಬೆಳಗಿನ ಜಾವ ಐದಕ್ಕೆ ಹೊರಟೆವು. ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗೆ. ಜೋಳದ ಹೊಲದ ಅಂಚಿನಲ್ಲಿ ಕಂಬದ ಮೇಲೆ ಹಲಗೆಯ ಗೂಡು, ನಮ್ಮ ಗದ್ದೆ ಕಾಯುವ ಮಾಳದಂಥದ್ದೇ, ಆದರೆ ಕಿಟಕಿ ಬಾಗಿಲು ಉಂಟು. ಪುಟ್ಟ ಗ್ಯಾಸ್ ಹೀಟರ್ ಕೂಡ. ನಾಲ್ಕು ಜನ ಒತ್ತಿಕೊಂಡು ಕೂತೆವು. ಚಿಪ್ಸ್ ಪೊಟ್ಟಣದ ಸರಪರ ಸದ್ದು ಆಗಬಾರದು ಅಂತ ಅವರು ತಿಂಡಿಯನ್ನೆಲ್ಲ ಮನೆಯಲ್ಲೇ ಬಟ್ಟೆ ಚೀಲಕ್ಕೆ ಸುರಿದುಕೊಂಡು ಬಂದಿದ್ದರು. ಮಕ್ಕಳಿಗೆ ಬಣ್ಣದ ಪೆನ್ಸಿಲ್ ಇತ್ತು, ಉಚ್ಚೆಗೆ ಬಾಟಲಿ ಇತ್ತು. ಅವರದ್ದೊಂದು ನಿಯಮ: ಮಗು "ಮನೆಗೆ ಹೋಗೋಣ" ಅಂದರೆ ಆ ನಿಮಿಷವೇ ಎದ್ದು ಹೋಗಬೇಕು. ಹತ್ತು ಕವಲಿನ ಕೊಂಬಿನ ಗಂಡು ಎದುರಿಗೆ ನಿಂತಿದ್ದರೂ ಸರಿ.

ಬೆಳಕಾದ ಮೇಲೆ ಒಂದು ಜಿಂಕೆ ಬಂತು. ಬಿಳಿ ಬಾಲದ್ದು. ಹುಡುಗಿ ಕಿಟಕಿಯ ಮೇಲೆ ಕೋವಿ ಇಟ್ಟು ನೋಡಿದಳು. ಅಪ್ಪನ ಕೈ ಅವಳ ಮೊಣಕೈ ಹತ್ತಿರವೇ ಇತ್ತು. ಜಿಂಕೆ ತಲೆ ಎತ್ತಿ ನಮ್ಮ ಕಡೆ ನೋಡಿತು. ಹುಡುಗಿ ಉಸಿರಿನಲ್ಲೇ "ಬೇಡ" ಅಂದಳು. ಅವರು ಯಾಕೆ ಅಂತ ಕೇಳಲಿಲ್ಲ. ಕೋವಿ ತೆಗೆದುಕೊಂಡು ಸೇಫ್ಟಿ ಹಾಕಿದರು, ತೋಟಾ ತೆಗೆದು ಜೇಬಿಗಿಟ್ಟರು, ಫ್ಲಾಸ್ಕ್ ಬಿಚ್ಚಿ ಬಿಸಿ ಚಾಕಲೇಟ್ ಕೊಟ್ಟರು. ನಾನು ಬೇರೆ ಕಡೆ ನೋಡಿದೆ. ನಮ್ಮ ದೊಡ್ಡಪ್ಪ ಇದ್ದಿದ್ದರೆ ಏನನ್ನುತ್ತಿದ್ದರು ಅಂತ ನಿಮಗೂ ಗೊತ್ತು.

ಗಂಟೆಯ ಮೇಲೆ ಇನ್ನೊಂದು ಬಂತು. ಅದನ್ನು ಅವರೇ ಹೊಡೆದರು. ಅರ್ಧ ಗಂಟೆ ಕಾದು ಕೆಳಗಿಳಿದೆವು. ಒಣಗಿದ ಎಲೆಯ ಮೇಲೆ ಇಬ್ಬನಿ ಗಟ್ಟಿಯಾಗಿತ್ತು, ಮೊದಲ ರಕ್ತದ ಹನಿ ಕಂಡುಹಿಡಿದವನು ಮನು. ಅಲ್ಲಿಂದ ಅರವತ್ತು ಹೆಜ್ಜೆ. ಅವರು ಹೊಟ್ಟೆ ಸೀಳಿದಾಗ ಹಬೆ ಎದ್ದಿತು, ಇಡ್ಲಿ ಪಾತ್ರೆ ತೆರೆದ ಹಾಗೆ. ಮನು ಗ್ಲೌಸ್ ಬಿಚ್ಚಿ ಅದರ ಕತ್ತಿನ ಮೇಲೆ ಅಂಗೈ ಇಟ್ಟ. "ಇನ್ನೂ ಬೆಚ್ಚಗಿದೆ," ಅಂದ. ಅಷ್ಟೇ. ಅಳಲಿಲ್ಲ. ರಾತ್ರಿ ಹಾಸಿಗೆಯಲ್ಲಿ ಅತ್ತ. ಅದರ ಮರಿ ಹುಡುಕುತ್ತಾ ಅಂತ ಕೇಳಿದ. ನಾನು ಗೊತ್ತಿಲ್ಲ ಅಂದೆ. ಬೆಳಿಗ್ಗೆ ದೋಸೆ ತಿನ್ನುತ್ತಾ, ಮುಂದಿನ ವರ್ಷವೂ ಹೋಗೋಣವಾ ಅಂದ.

ಮಾಂಸ ತಕ್ಷಣ ತಿನ್ನಲಿಲ್ಲ. ಅಲ್ಲಿ ಜಿಂಕೆಗಳಿಗೆ ಮಿದುಳಿನ ಒಂದು ರೋಗ ಇದೆ, 2002ರಲ್ಲಿ ಆ ರಾಜ್ಯದಲ್ಲಿ ಮೊದಲು ಸಿಕ್ಕಿದ್ದು. ಕತ್ತಿನ ಗ್ರಂಥಿ ಪರೀಕ್ಷೆಗೆ ಕೊಟ್ಟು, ಉತ್ತರ ಬರುವವರೆಗೆ ಫ್ರೀಜರಿನಲ್ಲಿಟ್ಟರು. ಗುಂಡು ಸೀಸದ್ದಲ್ಲ, ತಾಮ್ರದ್ದು. ಕಣ್ಣಿಗೆ ಕಾಣದಷ್ಟು ಸಣ್ಣ ಸೀಸದ ಚೂರು ಮಾಂಸದಲ್ಲಿ ದೂರಕ್ಕೂ ಹರಡುತ್ತೆ, ಆರು ವರ್ಷದೊಳಗಿನ ಮಕ್ಕಳಿಗೂ ಬಸುರಿಯರಿಗೂ ಅಂಥ ಮಾಂಸ ಕೊಡಬೇಡಿ ಅಂತ ಅಲ್ಲಿನ ಆರೋಗ್ಯ ಇಲಾಖೆಯವರು ಹೇಳ್ತಾರೆ. ಇದನ್ನು ಓದಿದಾಗ ನಮ್ಮ ಮನೆಯ ಸಾರಿನಲ್ಲಿ ಹಲ್ಲಿಗೆ ಸಿಕ್ಕ ಚರೆಗಳು, ಆ ಪುಟ್ಟ ಸೀಸದ ಗುಂಡುಗಳು, ನೆನಪಾದವು. ಯಾರಿಗೆ ಜಾಸ್ತಿ ಸಿಕ್ಕಿತು ಅಂತ ನಾನೂ ಅಕ್ಕನೂ ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಟ್ಟು ಎಣಿಸ್ತಿದ್ದೆವು.

ನಿನ್ನೆ ಊಟಕ್ಕೆ ಮೇಲಿನ ಮಹಡಿಯ ಮಾಸ್ತರು ಬಂದಿದ್ದರು, ಬಾಗಲಕೋಟೆ ಕಡೆಯವರು, ಪುಣೆಗೆ ಬಂದು ನಲವತ್ತು ವರ್ಷ. ಎಲ್ಲ ಕೇಳಿ ಅವರು ನಕ್ಕರು. "ಅಲ್ರೀ, ಅಲ್ಲಿ ಕೂಸಿಗೆ ಲೈಸೆನ್ಸ್ ಕೊಡ್ತಾರ. ಇಲ್ಲಿ ಹರಣಶಿಕಾರಿ ಹುಡುಗ ಅಪ್ಪನ ಹಿಂದ ಬಲೆ ಹೊತ್ಕೊಂಡು ಹೊಂಟ್ರ ಪೊಲೀಸರು ಬರ್ತಾರ." ಹರಣಶಿಕಾರಿಗಳು ಅಂದರೆ ಬಲೆ ಹಾಕಿ ಬೇಟೆಯಾಡುವ ಜನಾಂಗ, ಮಹಾರಾಷ್ಟ್ರದಲ್ಲಿ ಅವರನ್ನೇ ಫಾಸೆಪಾರಧಿ ಅಂತಾರಂತೆ. ಕೌಜುಗ ಹಕ್ಕಿಯ ಕೂಗನ್ನು ಮಕ್ಕಳು ಅಪ್ಪನ ಹಿಂದೆ ಓಡಾಡ್ತಲೇ ಕಲೀತಾರೆ. ಬ್ರಿಟಿಷರು 1871ರ ಕಾಯ್ದೆಯಲ್ಲಿ ಇಂಥ ಎಷ್ಟೋ ಜನಾಂಗಗಳನ್ನು ಹುಟ್ಟಾ ಅಪರಾಧಿಗಳು ಅಂತ ಪಟ್ಟಿ ಮಾಡೋಕೆ ಶುರುಮಾಡಿದರು. ಆ ಪಟ್ಟಿ ಹೋದದ್ದು 1952ರಲ್ಲಿ. ಹೆಸರು ಮಾತ್ರ ಹೋಗಿಲ್ಲ ಅಂದರು ಮಾಸ್ತರು. ಅಕ್ಕನೂ ಆಗ ಸುಮ್ಮನಾದಳು. ನಮ್ಮೂರಿನಲ್ಲಿ ಗೌಡರ ಮನೆಯವರು ಹೋದರೆ ಅದು ಶಿಕಾರಿ, ಬೇರೆಯವರು ಉರುಳು ಹಾಕಿದರೆ ಕಳ್ಳತನ. ಅದು ನಮಗೂ ಗೊತ್ತಿದ್ದದ್ದೇ ಅಲ್ವಾ?

ಈಗ ನನ್ನದು ಹೇಳ್ತೀನಿ. ಆ ಗೂಡಿನಲ್ಲಿ ಕೂತಿದ್ದಾಗ ನನಗೆ ನೆನಪಾಗುತ್ತಿದ್ದದ್ದು ನೀವೇ. ಮತ್ತಿಮರದ ಮೇಲೆ ಪ್ರಾಣಿಗಾಗಿ ಕಾಯುತ್ತಾ ಮರಸು ಕೂತ ರಾತ್ರಿ. ನನಗೆ ಏಳು ವರ್ಷ. ಹಂದಿ ಬರುವ ಹೊತ್ತಿಗೆ ಕೆಮ್ಮು ಬಂತು, ನೀವು ನನ್ನ ಬಾಯಿಯ ಮೇಲೆ ಅಂಗೈ ಇಟ್ಟಿರಿ. ಬೀಡಿ ಮತ್ತು ಕೋವಿ ಎಣ್ಣೆಯ ವಾಸನೆ. ಆದರೂ ಕೆಮ್ಮಿದೆ, ಹಂದಿ ಹೋಯಿತು, ನೀವು ಬೈಯಲಿಲ್ಲ. ಕಂಬಳಿ ಎಳೆದು ನನಗೆ ಹೊದಿಸಿದಿರಿ. ಅದಕ್ಕಿಂತ ಹತ್ತಿರ ನಾವಿಬ್ಬರೂ ಯಾವತ್ತಾದರೂ ಕೂತಿದ್ದೇವಾ ಅಪ್ಪಯ್ಯ? ನನಗೆ ನೆನಪಿಲ್ಲ. ಮನುವನ್ನು ಕರೆದುಕೊಂಡು ಹೋದದ್ದು ಜಿಂಕೆಗಾಗಿ ಅಲ್ಲ, ಆ ಕಂಬಳಿಗಾಗಿ.

ಆದರೆ ಅದೇ ವರ್ಷದ ಇನ್ನೊಂದೂ ಇದೆ. ಹಳು ನುಗ್ಗಿದ ದಿನ, ಸದ್ದು ಮಾಡಿ ಪೊದೆಯಿಂದ ಪ್ರಾಣಿ ಎಬ್ಬಿಸುವ ಬೇಟೆ. ನೀವೆಲ್ಲ ಕೋವಿ ಹಿಡಿದು ಬಿಲ್ಲಿಗೆ, ಅಂದರೆ ಕಾಯುವ ಜಾಗದಲ್ಲಿ, ಕೂತಿರಿ. ನಾವು ಮಕ್ಕಳು ತಗಡಿನ ಡಬ್ಬಿ ಬಡಿಯುತ್ತಾ ಹಳುವಿನವರ ಜೊತೆ ಪೊದೆಯೊಳಗೆ ಬರ್ತಿದ್ದೆವು, ನೇರ ನಿಮ್ಮ ಕೋವಿಗಳ ಕಡೆಗೆ. ನನ್ನಿಂದ ಮೂರು ಮಾರು ದೂರದಲ್ಲಿದ್ದವರ ಮೀನಖಂಡಕ್ಕೆ ಚರೆ ಬಿತ್ತು. ನೀವು ಓಡಿ ಬಂದು ಮೊದಲು ನನ್ನ ಮೈಯೆಲ್ಲ ಸವರಿ ನೋಡಿದಿರಿ. ಆಮೇಲೆ, "ಅಮ್ಮನಿಗೆ ಹೇಳಬೇಡ" ಅಂದಿರಿ. ಸಂಜೆ ದೊಡ್ಡಪ್ಪ ನನಗೂ ಅರ್ಧ ಪಾಲು ಅಂತ ಬಾಳೆ ಎಲೆಯಲ್ಲಿ ಮಾಂಸ ಕಟ್ಟಿಕೊಟ್ಟರು, ಅದನ್ನು ಎದೆಗೊತ್ತಿಕೊಂಡು ಮನೆಗೆ ಬಂದೆ. ಅಮ್ಮನಿಗೆ ಇವತ್ತಿನವರೆಗೂ ಹೇಳಿಲ್ಲ. ಲೆಕ್ಕ ಹಾಕಿದರೆ ಅದು 1991. ಲೈಸೆನ್ಸ್ ತೆಗೆದು ಮಾಡುವ ಬೇಟೆಯನ್ನೂ ಕಾನೂನು ನಿಲ್ಲಿಸಿದ ವರ್ಷ. ಕಾನೂನಿನ ಮಾತು ಇರಲಿ. ನನ್ನನ್ನು ಕೋವಿಯ ಮುಂದಿನ ಕಡೆ ಯಾಕೆ ನಿಲ್ಲಿಸಿದಿರಿ? ಎಲ್ಲರ ಮಕ್ಕಳೂ ಅಲ್ಲೇ ಇದ್ದರು ಅಂತ ಹೇಳ್ತೀರಿ, ಗೊತ್ತು. ಮನುವಿಗೆ ಕೇಸರಿ ಟೊಪ್ಪಿ ಹಾಕುವಾಗ ನನ್ನ ಕೈ ನಡುಗಿತು. ಅದಕ್ಕೇ ಆವತ್ತು ಪತ್ರ ಅರ್ಧಕ್ಕೆ ನಿಂತದ್ದು. ಉತ್ತರ ಬರೆಯುವುದು ಬೇಡ. ಬಂದಾಗ ಜಗಲಿಯಲ್ಲಿ ಕೂತು ಹೇಳಿದರೆ ಸಾಕು, ನಿಮ್ಮ ಬಲಗಡೆ ಕೂರ್ತೀನಿ.

ಮನು ಬಂದ ತಕ್ಷಣ ನಿಮ್ಮನ್ನು ಕೋವಿ ಕೇಳ್ತಾನೆ. ಅಜ್ಜಯ್ಯನ ಹತ್ತಿರ ಇದೆ ಅಂತ ನಾನೇ ಹೇಳಿಬಿಟ್ಟಿದ್ದೇನೆ, ತಪ್ಪು ನನ್ನದು. ಅದು ತೋಟದ ಬೆಳೆ ಕಾಯೋಕೆ ಕೊಟ್ಟ ಲೈಸೆನ್ಸ್, ಇಲ್ಲಿ ಶಿಕಾರಿ ಮಾಡಿದರೆ ಜೈಲು ಅಂತ ಹೇಳಿ. ನೀವು ಹೇಳಿದರೆ ಕೇಳ್ತಾನೆ. ಮತ್ತಿಮರ ತೋರಿಸಿ, ಇನ್ನೂ ಇದ್ದರೆ. ಹಂದಿಯ ಹೆಜ್ಜೆ ಕಾಡುಕುರಿಯ ಹೆಜ್ಜೆ ಬೇರೆ ಮಾಡೋದು ಕಲಿಸಿ, ಅದು ನನಗೆ ಬರಲ್ಲ. ತೋಟದ ಬೇಲಿ ದಾಟಿ ಮಾತ್ರ ಕರೆದುಕೊಂಡು ಹೋಗಬೇಡಿ. ಮಂಗನ ಕಾಯಿಲೆಯ ಕಾಲ ಶುರುವಾಗಿದೆ, ಆಶಾ ಕಾರ್ಯಕರ್ತೆಯರು ಉಣುಗು ಹತ್ತದ ಹಾಗೆ ಹಚ್ಚುವ ಡೇಪಾ ಎಣ್ಣೆ ಕೊಟ್ಟಿದ್ದರೆ ಒಂದು ಬಾಟಲಿ ತೆಗೆದಿಡಿ. ಅಲ್ಲೂ ಜಿಂಕೆಯ ಉಣುಗಿನಿಂದ ಬೇರೊಂದು ಜ್ವರ ಬರುತ್ತೆ. ಇವನ ತಾಯಿ ದಿನಾ ರಾತ್ರಿ ಟಾರ್ಚ್ ಹಿಡಿದು ಕಿವಿಯ ಹಿಂದೆ ಹುಡುಕ್ತಾಳೆ, ನೀವು ನಗಬಾರದು.

ಅಡಿಕೆ ಸುಲಿಯೋಕೆ ಜನ ಸಿಕ್ಕರಾ? ಅಮ್ಮನ ಮಂಡಿ ನೋವಿಗೆ ಮುಲಾಮು ತಂದಿದ್ದೇನೆ. ಪತ್ರದ ಕೊನೆಯ ಎರಡು ಪುಟ ಅಮ್ಮನಿಗೆ ಓದಬೇಡಿ.

ಹಾಂ, ಎಲೆಕ್ಷನ್‌ಗೆ ಅಂತ ಠಾಣೆಗೆ ಕೊಟ್ಟ ಕೋವಿ ವಾಪಸ್ ತಂದಿಲ್ಲ ಅಂತ ಅಕ್ಕ ಹೇಳಿದಳು. ನಾವು ಹೊರಡುವವರೆಗೆ ಅದು ಅಲ್ಲೇ ಇರಲಿ.

ನಿಮ್ಮ ಮಗ