ನಿನ್ನ ಹುಡುಗರ ಆಲ್ಬಂ ಸಾಂಗ್ ಬಗ್ಗೆ

ಗೆಳೆಯಾ,

ನಿನ್ನ ಕ್ಲಾಸಿನ ಹುಡುಗರು ತಮ್ಮ ಆಲ್ಬಂ ಸಾಂಗ್ ವಿಡಿಯೋಗೆ ಬರೆದ ಸ್ಕ್ರಿಪ್ಟ್ ಓದಿದೆ. ರ‍್ಯಾಪ್ ಹಾಡು, ಆದರೆ ಯಾರೂ ತುಟಿ ಆಡಿಸುವುದಿಲ್ಲ. ಮುಖ ತೋರಿಸುವುದಿಲ್ಲ. ಬಣ್ಣ ಇಲ್ಲ, ಕಥೆ ಇಲ್ಲ, ಕುಣಿತ ಇಲ್ಲ. ಕೊನೆಗೆ ದಪ್ಪ ಅಕ್ಷರದಲ್ಲಿ 'ಎಲ್ಲ ರೂಲ್ಸ್ ಬ್ರೇಕ್' ಅಂತ ಬೇರೆ ಬರೆದಿದ್ದಾರೆ. ನಗು ಬಂತು, ಖುಷಿಯೂ ಆಯಿತು. ಆದರೆ ಇಲ್ಲಿ ಏನು ಮುರಿದಿದೆ ಅಂತಲೇ ನೋಡುವವರಿಗೆ ಗೊತ್ತಾಗುವುದಿಲ್ಲ ಕಣೋ. ಗೋಡೆಯೇ ಇಲ್ಲದ ಕಡೆ ಕಿಂಡಿ ಕೊರೆದ ಹಾಗಿದೆ.

ಪಾಠ ಮಾಡಬೇಡ. ಎರಡು ವಿಡಿಯೋ ತೋರಿಸು, ಸಾಕು. ಎರಡೂ 2009ರವು, ಎರಡನ್ನೂ ಮಾಡಿದ್ದು ವಿದ್ಯಾರ್ಥಿಗಳೇ.

ಮೊದಲನೆಯದು ಕೆನಡಾದ ಮಾಂಟ್ರಿಯಲ್‌ನದು. ಅಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಕಮ್ಯುನಿಕೇಶನ್ ಓದುತ್ತಿದ್ದ 172 ವಿದ್ಯಾರ್ಥಿಗಳು ಬ್ಲ್ಯಾಕ್ ಐಡ್ ಪೀಸ್ ತಂಡದ ಹಾಡೊಂದಕ್ಕೆ ಲಿಪ್ ಡಬ್ ಮಾಡಿದರು. ಸ್ಪೀಕರಿನಲ್ಲಿ ಹಾಡು ಹಾಕಿಕೊಂಡು ಎಲ್ಲರೂ ತುಟಿ ಆಡಿಸುವುದು, ಆಮೇಲೆ ಆ ಗಲಾಟೆ ಸೌಂಡ್ ತೆಗೆದು ಒರಿಜಿನಲ್ ಟ್ರ್ಯಾಕ್ ಕೂರಿಸುವುದು. ಅಷ್ಟೇ ಕೆಲಸ. ಆದರೆ ಇಡೀ ಹಾಡಿಗೆ ಒಂದೇ ಶಾಟ್. ಕ್ಯಾಮೆರಾ ಕಾರಿಡಾರಿನಲ್ಲಿ ನಡೆಯುತ್ತಾ ಹೋದಂತೆ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಸಾಲು ದಾಟುತ್ತದೆ.

ಇದರಲ್ಲಿ ರೂಢಿ ಎಲ್ಲಿದೆ, ಮುರಿದದ್ದು ಎಲ್ಲಿ ಅಂತ ಹುಡುಗರನ್ನು ಕೇಳು. ಕಟ್ ಇಲ್ಲ ಅಂತ ಥಟ್ಟನೆ ಹೇಳುತ್ತಾರೆ. ಬೀಟ್‌ಗೆ ಸರಿಯಾಗಿ ಪಟಪಟ ಕಟ್ ಮಾಡುವುದು ಮ್ಯೂಸಿಕ್ ವಿಡಿಯೋದ ಹಳೇ ಅಭ್ಯಾಸ, ನಿಜ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಅಲ್ಲಿ ಸ್ಟಾರ್ ಇಲ್ಲ! ಪಾಪ್ ವಿಡಿಯೋ ತುಂಬ ಹಾಡುಗಾರರ ಕ್ಲೋಸಪ್ ಯಾಕಿರುತ್ತದೆ ಹೇಳು? ರೆಕಾರ್ಡ್ ಕಂಪನಿ ಮಾರಬೇಕಿರುವುದು ಆ ಮುಖವನ್ನೇ. ಆಂಡ್ರ್ಯೂ ಗುಡ್ವಿನ್ ಅನ್ನುವ ವಿಮರ್ಶಕ ಮ್ಯೂಸಿಕ್ ಟಿವಿ ಬಗ್ಗೆ 1992ರಲ್ಲಿ ಬರೆದ ಪುಸ್ತಕದಲ್ಲೇ ಈ ಮಾತಿದೆ. ಮಾಂಟ್ರಿಯಲ್ ಹುಡುಗರಿಗೆ ಮಾರುವುದಕ್ಕೆ ಏನೂ ಇರಲಿಲ್ಲ. ಹಾಗಾಗಿ ಯಾವ ಮುಖವೂ ಕೆಲವು ಸೆಕೆಂಡಿಗಿಂತ ಜಾಸ್ತಿ ನಿಲ್ಲುವುದಿಲ್ಲ. ಮಿಕ್ಕಿದ್ದೆಲ್ಲ ಪಾಪ್ ಹಾಡಿನ ಮಾಮೂಲಿ ಸರಕು: ಬಣ್ಣ, ವೇಷ, ನಗು, ಕೊನೆಗೆ ಎಲ್ಲರೂ ಸೇರಿ ಕುಣಿಯುವುದು.

ತಮಾಷೆ ಏನೆಂದರೆ, ಸ್ವಲ್ಪ ದಿನದಲ್ಲೇ ಇದೂ ಒಂದು ಅಚ್ಚಾಯಿತು. ಎಷ್ಟೋ ದೇಶದ ಕಾಲೇಜುಗಳು ಅದೇ ಕಾರಿಡಾರು, ಅದೇ ವೇಷ, ಅದೇ ಗುಂಪು ಕುಣಿತ ಅಂತ ಮಾಡಿದವು.

ಎರಡನೆಯದು ಅಮೆರಿಕದ್ದು. ಸಿಯಾಟಲ್ ಪಕ್ಕದ ಶೋರ್‌ಲೈನ್ ಊರಿನಲ್ಲಿ ಎರಡು ಹೈಸ್ಕೂಲ್, ಒಂದಕ್ಕೊಂದು ಪೈಪೋಟಿ. ಶೋರ್‌ಕ್ರೆಸ್ಟ್ ಶಾಲೆಯವರು ಮೊದಲು ಲಿಪ್ ಡಬ್ ಮಾಡಿದರು. ಅದಕ್ಕೆ ಉತ್ತರವಾಗಿ ಶೋರ್‌ವುಡ್‌ನವರು ಇಡೀ ಹಾಡನ್ನು ಉಲ್ಟಾ ತೆಗೆದರು. ಶೂಟಿಂಗ್ ಹೊತ್ತಿಗೆ ಹಾಡು ಕೊನೆಯಿಂದ ಮೊದಲಿಗೆ ಓಡುತ್ತದೆ, ಮಕ್ಕಳು ಸಾಲುಗಳನ್ನು ತಿರುಗುಮುರುಗು ಬಾಯಿಪಾಠ ಮಾಡಿ ತುಟಿ ಆಡಿಸುತ್ತಾರೆ. ಎಡಿಟಿಂಗ್‌ನಲ್ಲಿ ಫೂಟೇಜ್ ತಿರುಗಿಸಿದರೆ ಮಾತು ಸರಿಯಾಗಿ ಕೂರುತ್ತದೆ, ಲೋಕ ಮಾತ್ರ ಹಿಂದಕ್ಕೆ ನಡೆಯುತ್ತದೆ. ಈ ತಂತ್ರ ಹೊಸದೇನಲ್ಲ. ಕೋಲ್ಡ್‌ಪ್ಲೇ ತಂಡದ ಹಾಡುಗಾರ ಕ್ರಿಸ್ ಮಾರ್ಟಿನ್ 2002ರಲ್ಲೇ ಒಂದು ವಿಡಿಯೋಗಾಗಿ ಹಾಡನ್ನು ಹೀಗೆ ಹಿಂದುಮುಂದಾಗಿ ಕಲಿತಿದ್ದ. ಆದರೆ ಅವನು ಒಬ್ಬ, ಇಲ್ಲಿ ಒಂದು ಶಾಲೆ. ಲಿಪ್ ಡಬ್‌ನ ಬೇರೆ ಯಾವುದನ್ನೂ ಅವರು ಮುಟ್ಟಲಿಲ್ಲ ಅನ್ನುವುದನ್ನು ಗಮನಿಸು. ತಿರುಗಿಸಿದ್ದು ದಿಕ್ಕನ್ನು ಮಾತ್ರ. ಅದಕ್ಕೇ ಅದು ಕಣ್ಣಿಗೆ ಹೊಡೆಯುತ್ತದೆ.

ಇಂಗ್ಲೆಂಡಿನ ಎ-ಲೆವೆಲ್ (ನಮ್ಮ ಪಿಯುಸಿ ಇದ್ದ ಹಾಗೆ) ಮೀಡಿಯಾ ಪರೀಕ್ಷೆಯೊಂದರಲ್ಲಿ, ಮಕ್ಕಳು ವಿಡಿಯೋ ಮಾಡಿದ ಮೇಲೆ ರೂಢಿಯನ್ನು ಎಲ್ಲಿ ಬಳಸಿದಿರಿ, ಎಲ್ಲಿ ಬೆಳೆಸಿದಿರಿ, ಎಲ್ಲಿ ಎದುರು ಹಾಕಿಕೊಂಡಿರಿ ಅಂತ ಬರೆಯಬೇಕಿತ್ತು. ಒಳ್ಳೆಯ ಪ್ರಶ್ನೆಯೇ. ಆದರೆ ಮಾರ್ಕ್ಸ್ ಇದೆ ಅಂದ ತಕ್ಷಣ ಉತ್ತರಕ್ಕೋಸ್ಕರವೇ ಏನಾದರೂ ಮುರಿಯೋಣ ಅನಿಸುತ್ತದೆ. ನಿನ್ನ ಹುಡುಗರದ್ದೂ ಇಂಟರ್ನಲ್ಸ್ ಪ್ರಾಜೆಕ್ಟ್, ಅಲ್ವಾ?

ಅವರಿಗೆ ಇನ್ನೊಂದು ಮಾತು ಹೇಳು. ನಮ್ಮ ಸಿನಿಮಾ ಹಾಡಿನಲ್ಲಿ ಮುಖ ಒಬ್ಬರದು, ಗಂಟಲು ಇನ್ನೊಬ್ಬರದು. ರಾಜ್‌ಕುಮಾರ್ ಅವರಿಗೇ ವರ್ಷಗಟ್ಟಲೆ ಪಿ.ಬಿ. ಶ್ರೀನಿವಾಸ್ ಹಾಡಿದರು. 1974ರ 'ಸಂಪತ್ತಿಗೆ ಸವಾಲ್' ಬಂದ ಮೇಲೆ ಅಣ್ಣಾವ್ರು ತಮ್ಮ ಹಾಡು ತಾವೇ ಹಾಡತೊಡಗಿದ್ದು. ಅಂಥ ನಾಡಿನಲ್ಲಿ ಹುಡುಗನೊಬ್ಬ ತಾನೇ ಬರೆದು, ತನ್ನದೇ ದನಿಯಲ್ಲಿ ಹಾಡಿ, ತನ್ನದೇ ಮುಖ ಕ್ಯಾಮೆರಾಗೆ ಕೊಡುವುದೇ ದೊಡ್ಡ ಬದಲಾವಣೆ. ಇವರು ಅದನ್ನೇ ತೆಗೆದುಹಾಕಲು ಹೊರಟಿದ್ದಾರಲ್ಲ! ಮುಖ ಇರಲಿ, ತುಟಿ ಆಡಲಿ. ರ‍್ಯಾಪ್ ವಿಡಿಯೋದ ಮಾಮೂಲಿ ಸರಕು, ಅಂದರೆ ಕೆಳಗಿನಿಂದ ಇಟ್ಟ ಕ್ಯಾಮೆರಾ, ಲೆನ್ಸಿಗೆ ಚಾಚುವ ಕೈ, ಹಿಂದೆ ತಲೆ ಅಲ್ಲಾಡಿಸುವ ಗ್ಯಾಂಗ್, ಎಲ್ಲವೂ ಇರಲಿ. ಬಾಡಿಗೆ ಕಾರು ಮತ್ತು ಕೂಲಿಂಗ್ ಗ್ಲಾಸ್ ಮಾತ್ರ ತೆಗೆದು ಆ ಗ್ಯಾಂಗಿನ ಜಾಗದಲ್ಲಿ ಹಾಸ್ಟೆಲ್ ಮೆಸ್‌ನವರನ್ನು ನಿಲ್ಲಿಸಿದರೆ ಹೇಗಿರುತ್ತದೆ? ಸೌಟು ಹಿಡಿದುಕೊಂಡೇ ನಿಲ್ಲಲಿ. ಅವರು ಒಪ್ಪಬೇಕು, ಅದು ಬೇರೆ ವಿಷಯ.

ಒಂದೇ ಶಾಟ್‌ನಲ್ಲಿ ತೆಗೆಯುವ ಆಸೆ ಅವರಿಗೆ ಬಂದರೆ ಬೇಡ ಅನ್ನಬೇಡ. ಶುರುವಿನಲ್ಲಿ ಜೋರಾಗಿ ಒಂದು ಚಪ್ಪಾಳೆ ರೆಕಾರ್ಡ್ ಆಗಲಿ, ಆಮೇಲೆ ಹಾಡನ್ನು ತುಟಿಗೆ ಸರಿಯಾಗಿ ಕೂರಿಸುವಾಗ (ಸಿಂಕ್) ಬೇಕಾಗುತ್ತದೆ. ಹಿಂದಕ್ಕೆ ನಡೆಯುವ ಕ್ಯಾಮೆರಾದವರ ಭುಜ ಹಿಡಿದು ದಾರಿ ತೋರಿಸಲು ಇನ್ನೊಬ್ಬರು ಇರಲೇಬೇಕು, ಮೆಟ್ಟಿಲ ಹತ್ತಿರ ಇಬ್ಬರು. ಹೊಸ ಸ್ಕ್ರಿಪ್ಟ್ ಆದಮೇಲೆ ಕಳಿಸು.

ನಿನ್ನ
ಗೆಳೆಯ